ಒಪ್ಪಂದದಲ್ಲಿ ಹೆಣ್ಣಿನ ಸ್ಥಾನ

ಯಾವುದೇ ಒಪ್ಪಂದವನ್ನು ಓದುವಾಗ ಅದು ಏನನ್ನು ಹೇಳುತ್ತದೆ ಎಂಬುದರಷ್ಟೇ, ಎಲ್ಲಿ ಹೇಳುತ್ತದೆ ಎಂಬುದನ್ನೂ ಗಮನಿಸಬೇಕೆಂದು ನಾನು ನಂಬಿದ್ದೇನೆ. ಹವಾಮಾನ ಬದಲಾವಣೆಯನ್ನು ಕುರಿತು ರಾಷ್ಟ್ರಗಳು ಮಾಡಿಕೊಂಡಿರುವ ಕರಾರುಗಳನ್ನು ಈ ದೃಷ್ಟಿಯಿಂದ ನೋಡಿದರೆ, ಅಲ್ಲಿ ಹೆಣ್ಣಿಗೆ ದೊರೆತಿರುವ ಸ್ಥಾನ ಎಂತಹದೆಂಬುದು ತಿಳಿಯುತ್ತದೆ.

1992ರ ವಿಶ್ವಸಂಸ್ಥೆಯ ಮೂಲ ಒಡಂಬಡಿಕೆಯಲ್ಲಿ ಹೆಣ್ಣಿನ ಪ್ರಸ್ತಾಪವೇ ಇಲ್ಲ. ಅದರ ಹಿಂದಿನ ವರ್ಷವಷ್ಟೇ ಬಾಂಗ್ಲಾದೇಶದ ಕರಾವಳಿಗೆ ಚಂಡಮಾರುತ ಅಪ್ಪಳಿಸಿ ಲಕ್ಷಕ್ಕೂ ಮಿಕ್ಕಿದ ಜನ ಮಡಿದಿದ್ದರು. ಅವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಗಾಳಿಯೇನೂ ಅವರನ್ನು ಆರಿಸಲಿಲ್ಲ. ಮನೆಯ ಯಜಮಾನನ ಅಪ್ಪಣೆಯಿಲ್ಲದೆ ಹೊಸ್ತಿಲು ದಾಟಲಾಗದ, ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ನೀರಿಗೆ ಎದುರಾಗಬೇಕಾದ ಬಾಳು ಅವರನ್ನು ಆರಿಸಿತು.

2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲಿ ಲಿಂಗಸಮಾನತೆಯ ಮಾತು ಬಂದಿತು. ಬದಲಾದ ಹವೆಗೆ ಹೊಂದಿಕೊಳ್ಳುವುದನ್ನು ಕುರಿತ 7ನೆಯ ವಿಧಿಯಲ್ಲೂ, ಸಾಮರ್ಥ್ಯ ಬೆಳೆಸುವ 11ನೆಯ ವಿಧಿಯಲ್ಲೂ ಅದರ ಉಲ್ಲೇಖವುಂಟು. ಆದರೆ ಇಂಗಾಲವನ್ನು ತಗ್ಗಿಸುವ 4ನೆಯ ವಿಧಿಯಲ್ಲಿಲ್ಲ. ಹಣವನ್ನು ಕುರಿತ 9ನೆಯ ವಿಧಿಯಲ್ಲೂ ಇಲ್ಲ. ಸಂಕಟವನ್ನು ತಾಳಿಕೊಳ್ಳುವ ಪ್ರಕರಣದಲ್ಲಿ ನೆನಪಾದ ಹೆಣ್ಣು ಹಣದ ಪ್ರಕರಣದಲ್ಲಿ ಮರೆತುಹೋಗಿದ್ದಾಳೆ. ಸೊಸೆಗೆ ಆರತಿ ಎತ್ತಿ, ಪೆಟ್ಟಿಗೆಯ ಬೀಗದ ಕೈಯನ್ನು ಮಾತ್ರ ಅವಳಿಗೆ ಕಾಣದಂತೆ ಇಡುವ ಮನೆಯ ಔದಾರ್ಯವಿದು.

ಹೊಗೆಗೆ ಗಂಡು ಹೆಣ್ಣೆಂಬ ಭೇದವುಂಟೆ ಎಂದು ಕೆಲವರು ಕೇಳಬಹುದು. ಹೊಗೆಗಿಲ್ಲ, ಒಲೆಗೆ ಉಂಟು. ಅದರ ಮುಂದೆ ಕುಳಿತು ಕೆಮ್ಮುವವಳು ಒಬ್ಬಳು, ಉರುವಲು ಯಾವುದಿರಬೇಕೆಂದು ಸಭೆಯಲ್ಲಿ ತೀರ್ಮಾನಿಸುವವರು ಬೇರೆ.

ಪ್ರಯತ್ನಗಳು ನಡೆದೇ ಇಲ್ಲವೆಂದು ನಾನು ಹೇಳುವುದಿಲ್ಲ. 2014ರಲ್ಲಿ ಲಿಮಾ ನಗರದಲ್ಲಿ ಈ ವಿಷಯಕ್ಕೆಂದೇ ಒಂದು ಕಾರ್ಯಕ್ರಮ ರೂಪುಗೊಂಡಿತು. 2017ರಲ್ಲಿ ಬಾನ್ ಸಮ್ಮೇಳನ ಕ್ರಿಯಾಯೋಜನೆಯೊಂದನ್ನು ಅಂಗೀಕರಿಸಿತು. ಇಷ್ಟಾದ ಮೇಲೂ, 2024ರ ಬಾಕು ಸಮ್ಮೇಳನಕ್ಕೆ ಆತಿಥೇಯ ರಾಷ್ಟ್ರ ಮೊದಲು ಪ್ರಕಟಿಸಿದ ಸಂಘಟನಾ ಸಮಿತಿಯ 28 ಮಂದಿಯಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ. ಟೀಕೆಗಳು ಬಂದ ಮೇಲೆ ಮಹಿಳೆಯರನ್ನು ಸೇರಿಸಲಾಯಿತು. ಕೂಗಿದ ಮೇಲೆ ದೊರೆತದ್ದನ್ನು ಹಕ್ಕೆಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಕುರ್ಚಿಗಳ ಸಂಖ್ಯೆ ಹೆಚ್ಚಿದರೆ ಸಾಲದು. ಹವಾಮಾನದ ಹೆಸರಿನಲ್ಲಿ ಹಂಚುವ ಹಣದಲ್ಲಿ ಹೆಣ್ಣಿನ ಕೈ ಸೇರಿದ್ದೆಷ್ಟು, ಅದನ್ನು ಎಲ್ಲಿ ವ್ಯಯಿಸಬೇಕೆಂದು ನಿರ್ಧರಿಸಿದವರಾರು, ಈ ಎರಡು ಪ್ರಶ್ನೆಗಳಿಗೆ ಪ್ರತಿಯೊಂದು ರಾಷ್ಟ್ರವೂ ಉತ್ತರ ಕೊಡುವಂತಾಗಬೇಕು. ಅಲ್ಲಿಯವರೆಗೆ ಪೀಠಿಕೆಯಲ್ಲಿ ಸಂದ ಗೌರವವನ್ನು ಕೇವಲ ಮುಂಗಡವೆಂದೇ ನಾನು ಎಣಿಸುತ್ತೇನೆ. ಬಾಕಿ ಇನ್ನೂ ಸಲ್ಲಬೇಕಾಗಿದೆ.