ಶರದೃತುವೂ ಕೆಂಪೆಲೆಯ ಬಳ್ಳಿಯೂ

ಓ. ಹೆನ್ರಿಯ ‘ದಿ ಲಾಸ್ಟ್ ಲೀಫ್’ 1907ರ ‘ದಿ ಟ್ರಿಮ್ಡ್ ಲ್ಯಾಂಪ್’ ಸಂಕಲನದಲ್ಲಿರುವ ಕಥೆ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ ನ್ಯುಮೋನಿಯಾದಿಂದ ಮಲಗಿದ ತರುಣಿಯೊಬ್ಬಳು, ಎದುರಿನ ಇಟ್ಟಿಗೆ ಗೋಡೆಯ ‘ಐವಿ’ ಬಳ್ಳಿಯ ಕೊನೆಯ ಎಲೆ ಉದುರಿದಾಗ ತಾನೂ ಸಾಯುವೆನೆಂದು ನಂಬುತ್ತಾಳೆ. ಇದನ್ನು ಕನ್ನಡಿಸುವವರು ಎರಡು ಪದಗಳ ಮುಂದೆ ನಿಂತು ಯೋಚಿಸಬೇಕು: ಒಂದು ‘ಐವಿ’, ಇನ್ನೊಂದು ‘ಆಟಮ್’.

ಸಸ್ಯಶಾಸ್ತ್ರದ ಐವಿ, ಅಂದರೆ ಹೆಡೆರಾ, ನಿತ್ಯಹಸುರಿನ ಬಳ್ಳಿ, ಚಳಿಗಾಲದಲ್ಲಿಯೂ ಬರಿದಾಗದು. ಅದನ್ನೇ ಗೋಡೆಗೆ ಹಬ್ಬಿಸಿದರೆ ಕಥೆಯೇ ನಡೆಯದು. ಅಮೆರಿಕದ ಗೋಡೆಗಳ ಮೇಲೆ ಎಲೆ ಉದುರಿಸುವ ಬಳ್ಳಿಗಳು ಬೇರೆಯೇ ಇವೆ. ಐದು ಕಿರುಎಲೆಗಳ ವರ್ಜೀನಿಯಾ ಕ್ರೀಪರ್ ಆ ನೆಲದ್ದೇ. ಮೂರು ಮೊನೆಯ ಎಲೆಯ ಬಾಸ್ಟನ್ ಐವಿ ಚೀನ, ಜಪಾನ್, ಕೊರಿಯಾಗಳ ಮೂಲದ್ದು. ಬಾಸ್ಟನ್ನಿನದೂ ಅಲ್ಲ, ಐವಿಯೂ ಅಲ್ಲ. ಎರಡೂ ದ್ರಾಕ್ಷಿಯ ಕುಟುಂಬಕ್ಕೆ ಸೇರಿದವು.

ಈ ಬಳ್ಳಿಗಳನ್ನು ಗೋಡೆಯಿಂದ ಒಂದಡಿಯಷ್ಟು ದೂರದಲ್ಲಿ ನೆಡುತ್ತಾರೆ. ಮೊದಲೆರಡು ವರ್ಷ ಬೆಳವಣಿಗೆ ನಿಧಾನ. ಕುಡಿಗಳ ತುದಿಯಲ್ಲಿ ಮೂಡುವ ಅಂಟುಬಿಲ್ಲೆಗಳು ಗೋಡೆಯನ್ನು ಹಿಡಿಯುತ್ತವೆ. ನೀರು, ಸಾರಗಳೆಲ್ಲ ನೆಲದ ಬೇರಿನಿಂದಲೇ. ಬಳ್ಳಿಯನ್ನು ಕಿತ್ತರೂ ಬಿಲ್ಲೆಗಳ ಗುರುತು ಉಳಿಯುವುದರಿಂದ ಸಡಿಲ ಗಾರೆಯ ಗೋಡೆಗೆ ಇವು ಸಲ್ಲವು. ಹಗಲು ಕಿರಿದಾಗಿ ಇರುಳು ತಣ್ಣಗಾದಂತೆ ಎಲೆಯ ಪತ್ರಹರಿತ್ತು ಕರಗಿ, ಆಂಥೋಸಯನಿನ್ ಎಂಬ ವರ್ಣದ್ರವ್ಯ ಕೂಡಿ ಕೆಂಪೇರುತ್ತದೆ. ಬಿಸಿಲು ಬೀಳುವ ಗೋಡೆಯಲ್ಲಿ ಕೆಂಪು ಹೆಚ್ಚು. ಬಳಿಕ ಎಲೆ ಉದುರುತ್ತದೆ. ಮುಂದೆ ತಿಂಗಳುಗಟ್ಟಲೆ ಹಿಮ.

ಇಂಥ ಕಾಲಕ್ಕೆ ರೂಢಿಯಂತೆ ‘ಶರದೃತು’ ಎಂದು ಬರೆದರೆ ಓದುಗನ ಮನಸ್ಸಿನಲ್ಲಿ ಏನು ಮೂಡೀತು? ಆಶ್ವಯುಜ-ಕಾರ್ತಿಕಗಳ ನಮ್ಮ ಶರತ್ತು ಮಳೆ ತೊಳೆದ ಆಕಾಶದ, ತಿಳಿಗೊಂಡ ಕೆರೆಯ, ಬೆಳದಿಂಗಳ ಕಾಲ. ಅಲ್ಲಿ ನವರಾತ್ರಿ, ದೀಪಾವಳಿಗಳಿವೆ, ಸಾವಿನ ನೆರಳಿಲ್ಲ. ನಮ್ಮಲ್ಲಿ ಅರಳಿ, ಬೇವುಗಳ ಎಲೆ ಉದುರುವುದು ಶಿಶಿರದಲ್ಲಿ; ಅದರ ಬೆನ್ನಿಗೇ ಚಿಗುರು ಬರುತ್ತದೆ. ಆದುದರಿಂದ ‘ಶಿಶಿರ’ವೂ ಹೊಂದದು.

ಮರಾಠಿಯಲ್ಲಿ ‘ಪಾನಗಳ’ ಎಂಬ ಮಾತಿದೆ. ಪಂಚಾಂಗದ ಹಂಗಿಲ್ಲದೆ ಎಲೆ ಉದುರುವುದನ್ನಷ್ಟೇ ಹೇಳುವ ಮಾತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡ ವಿದ್ಯಾರ್ಥಿಗೆ ಅದು ಕಿವಿಗೆ ಹೊಸದಲ್ಲ. ಅದರ ಜಾಡಿನಲ್ಲಿ ಕನ್ನಡದಲ್ಲಿ ‘ಎಲೆಯುದುರುಗಾಲ’ ಎನ್ನಲು ಅಡ್ಡಿಯೇನು? ‘ಐವಿ’ಯನ್ನು ‘ಗೋಡೆಬಳ್ಳಿ’ ಎನ್ನಬಹುದು. ಗಡಿಯ ವಿದ್ಯಾರ್ಥಿ ಎರಡು ನುಡಿಗಳ ನಡುವೆ ಬೆಳೆದುದನ್ನು ಕೊರತೆಯೆಂದು ಎಣಿಸುವವರುಂಟು. ಪದವೊಂದು ಹೊಂದುವುದೋ ಇಲ್ಲವೋ ಎಂದು ತೂಗಿ ನೋಡಲು ಆತನ ಕೈಯಲ್ಲಿ ಎರಡನೆಯ ತಕ್ಕಡಿಯೊಂದು ಇದೆ. ಅದನ್ನು ಬಳಸುವುದು ಕನ್ನಡಕ್ಕೇ ಲಾಭ.