ಹೈಬ್ರಿಡ್ ಕಾರಿನ ಮೇಲೆ ಹೊರಿಸಿದ ಮಿಥ್ಯಾಪವಾದ

ಹೈಬ್ರಿಡ್ ಕಾರಿಗಿಂತ ಹಮ್ಮರ್ ಎಂಬ ದೈತ್ಯವಾಹನವೇ ಭೂಮಿಗೆ ಹಿತಕರವೆಂದು 2006ರಲ್ಲಿ ಅಮೆರಿಕದ ಸಿಎನ್‌ಡಬ್ಲ್ಯು ಎಂಬ ಮಾರುಕಟ್ಟೆ ಸಮೀಕ್ಷೆಯ ಸಂಸ್ಥೆ ತನ್ನ ವರದಿಯೊಂದರಲ್ಲಿ ಸಾರಿದ ಮಾತು, ವಿಮರ್ಶಕರ ಪರೀಕ್ಷೆಯ ಮುಂದೆ ಮರುವರ್ಷವೇ ಕುಸಿದುಬಿದ್ದಿದ್ದರೂ, ಇಂದಿಗೂ ಸುಶಿಕ್ಷಿತರ ಬಾಯಲ್ಲಿ ನಿರ್ಲಜ್ಜವಾಗಿ ಸಂಚರಿಸುತ್ತಿರುವುದನ್ನು ಕಂಡು ಸುಮ್ಮನಿರುವುದು ನನ್ನಿಂದಾಗದು.

ಈ ವಾದಿಗಳ ಮೊದಲನೆಯ ಅಸ್ತ್ರ ಕೆನಡಾದ ಸಡ್‌ಬರಿ. ಪ್ರಿಯಸ್ ಎಂಬ ಹೈಬ್ರಿಡ್ ಕಾರಿನ ಬ್ಯಾಟರಿಗೆ ಬೇಕಾದ ನಿಕ್ಕಲಿಗಾಗಿ ಆ ನೆಲ ಬರಡಾಯಿತೆಂಬುದು ಅವರ ಆರೋಪ. ಅಲ್ಲಿ ಅದಿರು ಕಣ್ಣಿಗೆ ಬಿದ್ದದ್ದು 1883ರಲ್ಲಿ, ರೈಲುಹಾದಿಗಾಗಿ ಬಂಡೆ ಸೀಳುತ್ತಿದ್ದಾಗ. ಸುತ್ತಣ ಕಾಡನ್ನು ಕಡಿದು, ಸೌದೆಯ ರಾಶಿಯ ಮೇಲೆ ಅದಿರನ್ನು ಬಯಲಿನಲ್ಲೇ ಸುಟ್ಟು, ಗಂಧಕದ ಹೊಗೆಯಿಂದ ಗಿಡಮರಗಳನ್ನು ಕೊಂದ ಪದ್ಧತಿ 1929ರ ವೇಳೆಗೇ ನಿಂತಿತ್ತು. ಸುಣ್ಣ ಚೆಲ್ಲಿ, ಬೀಜ ಬಿತ್ತಿ, ಆ ನೆಲವನ್ನು ಮರಳಿ ಹಸುರಾಗಿಸುವ ಕಾರ್ಯ 1978ರಲ್ಲೇ ಮೊದಲಾಗಿತ್ತು. ಪ್ರಿಯಸ್ ಜಪಾನಿನ ಮಾರುಕಟ್ಟೆಗೆ ಬಂದುದಾದರೋ 1997ರಲ್ಲಿ! ಹುಟ್ಟುವ ಮುನ್ನ ನಡೆದ ಪಾತಕವನ್ನು ಶಿಶುವಿನ ತಲೆಗೆ ಕಟ್ಟುವುದು ಯಾವ ನ್ಯಾಯ?

ಎರಡನೆಯ ಅಸ್ತ್ರ ಲೆಕ್ಕಾಚಾರದ್ದು. ವಾಹನದ ನಿರ್ಮಾಣಕ್ಕೆ ತಗಲುವ ಶಕ್ತಿಯನ್ನು ಅದು ಕ್ರಮಿಸುವ ದೂರಕ್ಕೆ ಹಂಚುವಾಗ ಆ ವರದಿ ಪ್ರಿಯಸ್ಸಿಗೆ ವಿಧಿಸಿದ ಆಯುಷ್ಯ 1,09,000 ಮೈಲಿ. ಹಮ್ಮರ್ ಎಚ್1ಕ್ಕೆ ಕೊಟ್ಟದ್ದು 3,79,000 ಮೈಲಿ. ಒಂದಕ್ಕೆ ಮತ್ತೊಂದರ ಮೂರೂವರೆ ಪಟ್ಟಿನಷ್ಟು ಬಾಳನ್ನು ಮೊದಲೇ ಬರೆದಿಟ್ಟ ಮೇಲೆ ಫಲಿತಾಂಶಕ್ಕೆ ಗಣಿತವೇ ಬೇಕಿರಲಿಲ್ಲ. ಕಾರು ತನ್ನ ಜೀವಮಾನದಲ್ಲಿ ವ್ಯಯಿಸುವ ಶಕ್ತಿಯ ಬಹುಪಾಲು ಇಂಧನದ್ದೇ ಹೊರತು ಕಾರ್ಖಾನೆಯದಲ್ಲವೆಂಬ ಸರ್ವವಿದಿತ ಸಂಗತಿಯನ್ನೂ ಅದು ತಲೆಕೆಳಗು ಮಾಡಿತು. ಕ್ಯಾಲಿಫೋರ್ನಿಯಾದ ಪೆಸಿಫಿಕ್ ಇನ್‌ಸ್ಟಿಟ್ಯೂಟ್ 2007ರಲ್ಲಿ ಈ ದೋಷಗಳನ್ನು ಬಯಲಿಗೆಳೆಯಿತು. ಆದರೆ ಸುಳ್ಳನ್ನು ಹರಡಿದವರಿಗೆ ತಿದ್ದುಪಡಿಯನ್ನು ಹರಡುವ ಉತ್ಸಾಹ ಬರಲಿಲ್ಲ.

ಬ್ರೇಕ್ ಹಾಕಿದಾಗ ಶಾಖವಾಗಿ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ಮರಳಿಸಿ, ನಿಂತಲ್ಲಿ ಎಂಜಿನನ್ನು ಆರಿಸಿ, ಪೆಟ್ರೋಲನ್ನು ಉಳಿಸುವುದು ಹೈಬ್ರಿಡ್ಡಿನ ನಿಜವಾದ ಗುಣ. ಗಣಿಯ ಹಾನಿ ಇಲ್ಲವೆಂದಲ್ಲ. ಆದರೆ ಲೋಕದ ನಿಕ್ಕಲಿನ ಬಹುಭಾಗ ಹೋಗುವುದು ತುಕ್ಕುಹಿಡಿಯದ ಉಕ್ಕಿಗೆ. ಆ ಉಕ್ಕಿನ ಪಾತ್ರೆಯಲ್ಲಿ ಉಣ್ಣುವಾಗ ಸಡ್‌ಬರಿಯನ್ನು ನೆನೆಯದವರು ಬ್ಯಾಟರಿಯ ಪ್ರಸ್ತಾಪ ಬಂದೊಡನೆ ಪರಿಸರಪ್ರೇಮಿಗಳಾಗುವುದು ನನ್ನನ್ನು ಕೆರಳಿಸುತ್ತದೆ. ಯಾವ ಸುಧಾರಣೆ ಬಂದರೂ ಅದರಿಂದ ಪರಿಪೂರ್ಣತೆಯನ್ನು ಬೇಡುವುದು, ಹಳೆಯ ಅನಾಚಾರದಿಂದ ಏನನ್ನೂ ಬೇಡದಿರುವುದು, ಇದು ನಮ್ಮ ಕಾಲದ ಸಾರ್ವಜನಿಕ ಚರ್ಚೆಗೆ ಅಂಟಿದ ವ್ಯಾಧಿ.

ಹೈಬ್ರಿಡ್ ಕಾರೂ ಪೆಟ್ರೋಲ್ ಸುಡುತ್ತದೆ. ಬಸ್ಸಿಗೂ ರೈಲಿಗೂ ಅದು ಸಮವಲ್ಲ. ಅದನ್ನು ಟೀಕಿಸುವವರು ಧಾರಾಳವಾಗಿ ಟೀಕಿಸಲಿ. ಆದರೆ ಎರಡು ವಾಹನಗಳನ್ನೂ ಒಂದೇ ಅಳತೆಗೋಲಿನಿಂದ ಅಳೆಯಲಿ.