ಹಣ ತಲುಪುತ್ತದೆ, ಮಾತು ತಲುಪುತ್ತಿದೆಯೇ?

ಉಮ್ಮನ ಖರ್ಚಿಗೆ ಗಲ್ಫಿನಿಂದ ತಿಂಗಳು ತಿಂಗಳು ಹಣ ಬರುತ್ತದೆ, ಮದ್ದು ತಂದುಕೊಡಲು ಜನ ಇದ್ದಾರೆ. ಅಲ್ಲಿಗೆ ನಮ್ಮ ಜವಾಬ್ದಾರಿ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂಟಿತನ ಕಾಡುವವರಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆಯ ಅಪಾಯ ಶೇ. 31ರಷ್ಟು ಹೆಚ್ಚು. ಭಾರತದಲ್ಲಿ 60 ದಾಟಿದ ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆ ಇದೆಯೆಂಬ ಅಂದಾಜಿದೆ.

ಒಬ್ಬರೇ ಇರುವುದಷ್ಟೇ ಒಂಟಿತನವಲ್ಲ. ಮನೆ ತುಂಬ ಮೊಮ್ಮಕ್ಕಳಿದ್ದೂ ಎಲ್ಲರ ಕಣ್ಣು ಮೊಬೈಲಿನಲ್ಲಿದ್ದರೆ, ಜಗಲಿಯಲ್ಲಿ ಕೂತ ಉಪ್ಪ ಒಂಟಿಯೇ. ಕಿವಿ ಮಂದವಾದರಂತೂ ಮಾತುಕತೆಯಿಂದ ಅವರು ಇನ್ನಷ್ಟು ದೂರ ಸರಿಯುತ್ತಾರೆ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ನಾವು ಸರಿಪಡಿಸಬಹುದಾದ 14 ಅಪಾಯಗಳಲ್ಲಿ ಕಿವಿ ಕೇಳಿಸದಿರುವುದು, ಜನರ ಒಡನಾಟ ತಪ್ಪುವುದು ಎರಡೂ ಇವೆ.

ಒಂಟಿಯಾದವರಿಗೆಲ್ಲ ಮರೆವು ಬರುತ್ತದೆ ಎಂದಲ್ಲ. ಕೆಲವೊಮ್ಮೆ ಶುರುವಾದ ಮರೆವೇ ಜನರಿಂದ ದೂರ ಮಾಡುತ್ತದೆ. ಹಾಗಾಗಿ ಹಿರಿಯರು ಮಸೀದಿಗೆ, ನೆರೆಮನೆಗೆ ಹೋಗುವುದನ್ನು ಬಿಟ್ಟರೆ "ಪ್ರಾಯ ಆಯ್ತಲ್ವಾ" ಎಂದು ಸುಮ್ಮನಾಗುವುದು ಬೇಡ. ಡಾಕ್ಟರಿಗೆ ತೋರಿಸೋಣ, ಕಿವಿ ಪರೀಕ್ಷೆ ಮಾಡಿಸೋಣ. ಗಲ್ಫಿನಿಂದ ಫೋನ್ ಮಾಡುವವರು "ಹಣ ಸಿಕ್ಕಿತಾ?" ಎಂದು ಕೇಳಿದ ಮೇಲೂ ಹತ್ತು ನಿಮಿಷ ಮಾತನಾಡಲಿ. ಉಮ್ಮ ಹೇಳುವ ಹಳೇ ಕಥೆ ನೂರನೇ ಸಲದ್ದಾದರೂ ಪೂರ್ತಿ ಕೇಳಲಿ.